ಗಾರ್ಡಿನ ಕೆಳಗಿನ ಅಕ್ಷತೆ

"ಗುರುಗಳೇ, ಭಯದಿಂದ ಮಾಡಿದ ಭಕ್ತಿಯೂ ಭಕ್ತಿಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ ಕಪ್ಪು ಬಣ್ಣದ ಹೊಸ ಕಾರು ಕೊಂಡು ಹೊಸ ಡ್ರೈವರನ್ನು ಇಟ್ಟುಕೊಂಡ. ಮೊದಲ ದಿನವೇ ಹೇಳಿದ, "ನೋಡಪ್ಪಾ, ನನ್ನ ಮೈಮೇಲೆ ಗೀರು ಬಿದ್ದರೆ ಮುಲಾಮು ಹಚ್ಕೋತೀನಿ. ಇದರ ಮೇಲೆ ಬಿದ್ದರೆ ನೀನು ಕೀ ಇಟ್ಟು ಹೊರಡು." ಹಳೆಯ ಕಾರಿನ ಇಬ್ಬರು ಡ್ರೈವರುಗಳು ಹಾಗೆಯೇ ಹೊರಟಿದ್ದರು. ಅವರಲ್ಲೊಬ್ಬ ಮಾಡಿದ ತಪ್ಪು, ಬಾನೆಟ್ಟಿನ ಮೇಲೆ ಮಲಗಿದ್ದ ಬೆಕ್ಕನ್ನು ಗದರಿಸಿದ್ದು; ಅದು ಉಗುರೂರಿ ಹಾರಿತ್ತು.

ವ್ಯಾಪಾರಿ ದಿನವೂ ಕೆರೆ ಏರಿಯ ಮೇಲೆ ಓಡಾಡುತ್ತಿದ್ದ. ಸಂಜೆಯಾದರೆ ಹುಳುಗಳು ಹಿಂಡುಹಿಂಡಾಗಿ ಬಾನೆಟ್ಟಿಗೆ ಅಪ್ಪಳಿಸುತ್ತಿದ್ದವು. ಒಣಗಿದ ಹುಳು ಕೆರೆದರೆ ಜೊತೆಗೆ ಬಣ್ಣವೂ ಬಂದರೆ? ಡ್ರೈವರನಿಗೆ ಊಟ ಸೇರಲಿಲ್ಲ. ಹುಳುಗಳನ್ನು ಮೇಲಕ್ಕೆ ಹಾರಿಸಿಬಿಡುವ, ಬಾನೆಟ್ಟಿನ ಮುಂದಂಚಿಗೆ ಕೂರಿಸುವ ಪ್ಲಾಸ್ಟಿಕ್ ಗಾರ್ಡ್ ಒಂದನ್ನು ತಂದ.

"ಮೊದಲು ಚೆನ್ನಾಗಿ ತೊಳಿ. ಒಂದು ಕಾಳು ಮರಳು ಒಳಗೆ ಉಳಿದರೂ ಉಜ್ಜಿ ಉಜ್ಜಿ ಬಣ್ಣ ತಿನ್ನುತ್ತೆ. ಗಾರ್ಡ್ ಬಣ್ಣಕ್ಕೆ ತಾಗಬಾರದು, ರಬ್ಬರ್ ಮಾತ್ರ ತಾಗಬೇಕು" ಎಂದು ಅಂಗಡಿಯವನು ಎಚ್ಚರಿಸಿದ.

ಅಂದು ಆಯುಧಪೂಜೆ. ವ್ಯಾಪಾರಿಯ ತಾಯಿ ಬಂದು ಬಾನೆಟ್ಟಿನ ಮುಂದಂಚಿಗೇ ಮೂರು ಬೆರಳಲ್ಲಿ ಅರಿಸಿನ ಬಳಿದು, ಕುಂಕುಮ ಇಟ್ಟು, ಅಕ್ಷತೆ ಹಾಕಿದರು. ಅಕ್ಷತೆ ಅರಿಸಿನಕ್ಕೆ ಅಂಟಿ ಒಣಗಿತು.

ಮರುದಿನ ಬೆಳಿಗ್ಗೆ ಡ್ರೈವರ್ ಕಾರು ತೊಳೆದ. ಮೂರು ಗೆರೆಗಳ ಹತ್ತಿರ ಬಂದಾಗ ಕೈ ನಿಂತಿತು. ಒರೆಸಿದರೆ ಅಮ್ಮನವರು ನೊಂದಾರು. ನೊಂದರೆ ಮಗನಿಗೆ ಹೇಳಿಯಾರು. ಕೇಳಿಯೇಬಿಡೋಣ ಎಂದು ಬಾಗಿಲವರೆಗೆ ಹೋದ. ಅವರು ಒಳಗೆ ಹೂ ಕಟ್ಟುತ್ತಿದ್ದರು. ಕೇಳುವುದೇ ಅಪಚಾರವಾದರೆ? ವಾಪಸು ಬಂದು ಸುತ್ತಲೂ ಮೂರು ಸಲ ಒರೆಸಿ, ರಬ್ಬರ್ ಅಂಟಿಸಿ, ಗೆರೆಗಳ ಮೇಲೆಯೇ ಗಾರ್ಡ್ ಕೂರಿಸಿ ನಾಲ್ಕು ಕ್ಲಿಪ್ ಹಾಕಿದ. ಗಾರ್ಡಿಗೂ ಬಣ್ಣಕ್ಕೂ ನಡುವೆ ರಬ್ಬರಿನ ದಪ್ಪದಷ್ಟೇ ಸಂದು. ಆ ಸಂದಿನ ತುಂಬ ಅಕ್ಷತೆ. ದೇವರು ಒಳಗೇ ಕೂತು ಕಾಯಲಿ ಎಂದು ಕೈಮುಗಿದ.

ಹುಳುಗಳು ಹಾರಿಹೋದವು. ಆದರೆ ವೇಗ ಹೆಚ್ಚಿದಾಗಲೆಲ್ಲ ಮುಂದಿನಿಂದ ಕಿರ್ ಕಿರ್ ಎನ್ನುತ್ತಿತ್ತು.

"ಏನಯ್ಯಾ ಅದು?"

"ಗಾಳಿ, ಸಾಹುಕಾರ್ರೇ."

ಬಿಚ್ಚಿ ನೋಡಲು ಅವನಿಗೆ ಧೈರ್ಯವಿಲ್ಲ. ತಿಂಗಳು ಕಳೆಯಿತು. ಒಂದು ದಿನ ಮನೆ ಮುಂದೆ ಕಾರಿನಿಂದಿಳಿದ ವ್ಯಾಪಾರಿ ಗಾರ್ಡನ್ನು ಮುಟ್ಟಿ ನೋಡಿ, "ಗಾಳಿ ನಿಂತ ಮೇಲೂ ಇದು ಅಲ್ಲಾಡ್ತಿದೆ. ತೆಗಿ ಅದನ್ನ" ಎಂದ. ತಾಯಿಯೂ ಜಗಲಿಗೆ ಬಂದರು.

ಒಂದು ಕ್ಲಿಪ್ ಬಂತು. ಎರಡು ಬಂದವು. ಮೂರನೆಯದಕ್ಕೆ ಡ್ರೈವರನ ಬೆರಳು ಜಾರಿತು. ಅದನ್ನೂ ನಾಲ್ಕನೆಯದನ್ನೂ ವ್ಯಾಪಾರಿಯೇ ಕಿತ್ತ. ಅಕ್ಷತೆ ಪುಡಿಯಾಗಿ ಉದುರಿತು. ಕೆಳಗೆ ಬಣ್ಣವಿರಲಿಲ್ಲ. ಮೂರು ಬೆರಳಗಲ ತಗಡು ಬೆಳ್ಳಗೆ ಹೊಳೆಯುತ್ತಿತ್ತು.

"ಅಮ್ಮೋರು ಇಟ್ಟ ಅರಿಸಿನ... ಒರೆಸೋಕೆ ಭಯ ಆಯ್ತು" ಎಂದ ಡ್ರೈವರ್.

ಮುದುಕಿ ಹಣೆ ಚಚ್ಚಿಕೊಂಡರು. "ಅಯ್ಯೋ ಮಂಕೇ! ಹೊಸ್ತಿಲಿಗೆ ಹಚ್ಚಿದ್ದನ್ನೇ ಮಾರನೇ ದಿನ ತೊಳೆದು ಹೊಸದು ಹಚ್ತೀನಿ. ಈ ತಗಡಿನ ಡಬ್ಬ ಹೊಸ್ತಿಲಿಗಿಂತ ದೊಡ್ಡದೇನೋ? ಹತ್ತು ಹೆಜ್ಜೆ ದೂರದಲ್ಲಿದ್ದೆ. ಒಂದು ಮಾತು ಕೇಳಬಾರದಿತ್ತಾ?"

ಡ್ರೈವರ್ ಕೀಯನ್ನು ಜಗಲಿಯ ಮೇಲಿಟ್ಟು ಹೊರಟ. ಯಾರೂ ಕರೆಯಲಿಲ್ಲ.

ಕತೆ ಕೇಳಿ ಶಿಷ್ಯ ನಕ್ಕ. "ಎಂಥ ಪೆದ್ದ, ಗುರುಗಳೇ! ಒಂದು ಮಾತು ಕೇಳುವುದಕ್ಕೆ ಅಷ್ಟು ಹೆದರಿಕೆಯೇ?"

"ನೀನು ನನ್ನ ಬಳಿ ಬಂದು ಎಂಟು ವರ್ಷವಾಯಿತಲ್ಲಪ್ಪಾ, ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಎಲ್ಲಿ ಮುಚ್ಚಿಟ್ಟಿದ್ದೆ?" ಎಂದರು ಗುರುಗಳು.