ಗುಬ್ಬಿಹಾಳದ ಮೂರು ಮತ

ವರದಾ ಹೊಳೆಯ ದಂಡೆಯ ಮೇಲೆ ಹಾಲಯ್ಯಜ್ಜನ ಆಶ್ರಮ. ಅಜ್ಜನ ಶಿಷ್ಯರಲ್ಲಿ ಒಕ್ಕಲಿಗರಿದ್ದರು, ಮಾಸ್ತರರಿದ್ದರು, ಒಬ್ಬ ಬಸ್ ಕಂಡಕ್ಟರನೂ ಇದ್ದ. ಒಬ್ಬಳು ಎಮ್ಮೆಲ್ಲೆ ಇದ್ದಳು.

ಅವಳ ಹೆಸರು ಕಾಶವ್ವ. ಅಂಬಿಗರ ಮಗಳು. ಅಪ್ಪ ಹೊಳೆಯಲ್ಲಿ ದೋಣಿ ಹಾಕುತ್ತಿದ್ದಾಗ ಇವಳು ಆಶ್ರಮದ ಅಂಗಳದಲ್ಲಿ ಕುಳಿತು ಅಜ್ಜನಿಂದ ಅಕ್ಷರ ಕಲಿತಳು.

ಮೊದಲ ಸಲ ಚುನಾವಣೆಗೆ ನಿಂತಾಗ ಅವಳಿಗೆ ಮೂವತ್ತೊಂದು ವರ್ಷ. ಠೇವಣಿ ಹೋಯಿತು. ಎರಡನೆಯ ಸಲ ಒಂಬತ್ತು ಸಾವಿರದಿಂದ ಸೋತಳು. "ಸಾಕು ಮಾಡವ್ವಾ" ಎಂದರು ಜನ. ಅವಳು ಸಾಕು ಮಾಡಲಿಲ್ಲ. ಐದು ವರ್ಷ ಹಳ್ಳಿ ಹಳ್ಳಿ ತಿರುಗಿ ಚಪ್ಪಲಿ ಸವೆಸಿದಳು. ಮೂರನೆಯ ಸಲ ಗೆದ್ದಳು. ನಾಲ್ಕನೆಯ ಸಲ ಹನ್ನೊಂದು ಸಾವಿರದಿಂದ ಗೆದ್ದಳು.

ಐದನೆಯ ಸಲ ಅರವತ್ತೊಂದು ಮತದಿಂದ ಸೋತಳು.

ಎಣಿಕೆ ಮುಗಿದ ಮೂರನೆಯ ದಿನ ಆಶ್ರಮಕ್ಕೆ ಬಂದಳು. ಅಜ್ಜ ಬೇವಿನ ಗಿಡದ ಕೆಳಗೆ ಕುಳಿತು ಹಗ್ಗ ಹೊಸೆಯುತ್ತಿದ್ದರು.

"ಅಜ್ಜಾರ, ನಾ ಸೋತೆ."

"ಗೊತ್ತಾತವ್ವಾ. ಊಟ ಆತೇನು?"

"ಅರವತ್ತೊಂದ್ರಿ. ಬರೇ ಅರವತ್ತೊಂದು!"

"ಊಟ?"

ಕಾಶವ್ವ ಚೀಲದಿಂದ ಕಾಗದ ತೆಗೆದು ನೆಲದ ಮೇಲೆ ಹರವಿದಳು. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬ ಪಟ್ಟಿ ಅದು. ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಳು.

"ಇದು ಗುಬ್ಬಿಹಾಳ. ಬಿದ್ದ ಮತ ನಾನೂರಾ ಹನ್ನೆರಡು. ನನಗೆಷ್ಟು ಗೊತ್ತೇನ್ರಿ? ಮೂರು! ಹಿಂದಿನ ಸಲ ಇದ ಊರಾಗ ಇನ್ನೂರು ಬಿದ್ದಿದ್ದುವು. ಈ ಊರೊಂದು ಕೈ ಕೊಡದಿದ್ರ ನಾ ಇವತ್ತು ಎಮ್ಮೆಲ್ಲೆ."

"ಯಾಕ ಕೈ ಕೊಡ್ತು?"

"ಆ ವಿರುಪಾಕ್ಷಿ ಸೀರಿ ಹಂಚ್ಯಾನ್ರಿ." ವಿರುಪಾಕ್ಷಿ ಎಂದರೆ ಅವಳನ್ನು ಸೋಲಿಸಿದವನು.

"ಗುಬ್ಬಿಹಾಳದಾಗ ಮಾತ್ರ ಹಂಚ್ಯಾನೇನು?"

ಕಾಶವ್ವ ಕೆಂಪು ಗೆರೆಯನ್ನು ಮತ್ತೆ ನೋಡಿದಳು.

"ಅವರನ್ನ ಕೇಳಿದಿ?"

"ಏನಂತ ಕೇಳ್ಲಿ ಅಜ್ಜಾರ? ಮತ ಗುಪ್ತ ಇರತೈತಿ."

"ಮತ ಗುಪ್ತ. ಮನಸ್ಸೂ ಗುಪ್ತ ಏನು?" ಅಜ್ಜ ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದರು. "ಹೋಗಿ ಬಾ. ಕಾರು ಬ್ಯಾಡ, ಮಂದಿ ಬ್ಯಾಡ. ಒಂದ ಮಾತು ಕೇಳು: ನಾ ನಿಮಗ ಏನು ಮಾಡೀನಿ?"

ಕಾಶವ್ವ ಬಸ್ಸು ಹತ್ತಿ ಹೋದಳು. ಕ್ರಾಸಿನಲ್ಲಿ ಇಳಿದು ನಡೆದಳು. ಗುಬ್ಬಿಹಾಳದ ಜನ ಗುಡಿಕಟ್ಟೆಯ ಮೇಲೆ ಕುರ್ಚಿ ಹಾಕಿದರು, ಚಹಾ ತಂದರು. ಅವಳು ಕೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಯ್ಯ, ನಾವೆಲ್ಲಾ ನಿಮಗ ಹಾಕೇವಲ್ರಿ ಅಕ್ಕಾರ!"

ಸಂಜೆ ತಿರುಗಿ ಬಂದಾಗ ಅವಳ ಮುಖ ಬಿಗಿದಿತ್ತು.

"ಎಣಿಸೀನ್ರಿ ಅಜ್ಜಾರ. ನಲವತ್ತಾರು ಮಂದಿ 'ನಮ್ಮ ಮತ ನಿಮಗ' ಅಂದ್ರು. ನಲವತ್ತಾರು ಮಂದಿ ಕೂಡಿ ಮೂರು ಮತ ಹಾಕ್ಯಾರ!"

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಗಲಿಲ್ಲ.

"ಎಲ್ಲಿ ಕುಂತಿದ್ದಿ?"

"ಕಟ್ಟಿ ಮ್ಯಾಲೆ. ಕುರ್ಚಿ ಹಾಕಿದ್ರು."

"ಕುರ್ಚಿ ಮುಂದ ನಿಂತು ಖರೇ ಹೇಳಾವರು ಯಾರವ್ವಾ? ನಾಳೆ ಮತ್ತ ಹೋಗು. ಕಟ್ಟಿಗೆ ಹೋಗಬ್ಯಾಡ, ಮನಿಯೊಳಗ ಹೋಗು."

ಮರುದಿನ ಮತ್ತೆ ಹೋದಳು. ಒಂದು ಓಣಿ ಮುಗಿಸಿ ಇನ್ನೊಂದು ಓಣಿಗೆ ತಿರುಗಿದಳು. ಕೊನೆಯ ಮನೆಯಲ್ಲಿ ತಿಪ್ಪವ್ವ ಎಂಬ ಮುದುಕಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಕಾಶವ್ವ ಅಡುಗೆಮನೆಯ ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತಳು.

"ಯವ್ವಾ, ನಾ ನಿಮಗ ಏನು ಮಾಡೀನಿ?"

ತಿಪ್ಪವ್ವ ಬಡಿಯುತ್ತಲೇ ಇದ್ದಳು. ರೊಟ್ಟಿ ಹಂಚಿಗೆ ಹಾಕಿದಳು. ನೀರು ಸವರಿದಳು. ತಿರುವಿ ಹಾಕಿದಳು. ಆಮೇಲೆ ಮಾತಾಡಿದಳು.

"ನಮ್ಮೂರಾಗ ನರ್ಸಬಾಯಿ ಇದ್ಲು. ಹೆರಿಗಿ ಮಾಡಸ್ತಿದ್ಲು. ನಿನ್ನ ಪತ್ರದ ಮ್ಯಾಲೆ ಅಕಿನ್ನ ಹಿರೇಬಸಾಪುರಕ್ಕ ಒಯ್ದ್ರು. ಒಂಬತ್ತು ಕಿಲೋಮೀಟರ್. ಆಷಾಢದಾಗ ನನ್ನ ಸೊಸಿಗೆ ಬ್ಯಾನಿ ಹತ್ತಿತು. ಟ್ರ್ಯಾಕ್ಟರಿನಾಗ ಹಾಸಿಗಿ ಹಾಸಿ ಮಲಗಿಸಿದ್ವಿ. ನಡುವ ಹಳ್ಳ ತುಂಬಿ ಹರಿಯಾಕತ್ತಿತ್ತು. ನೀರು ಇಳೀಲಿ ಅಂತ ಕಾದ್ವಿ."

ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು.

"ನೀರು ಇಳೀತು. ಅಷ್ಟೊತ್ತಿಗೆ ಅಕಿ ಇರಲಿಲ್ಲ. ಕೂಸೂ ಇರಲಿಲ್ಲ."

ಕಾಶವ್ವನಿಗೆ ಆ ಪತ್ರ ನೆನಪಾಯಿತು. ಹಿರೇಬಸಾಪುರದ ಹಿರಿಯರು ನರ್ಸು ಬೇಕೆಂದು ಕಾರಿಗೆ ಅಡ್ಡ ನಿಂತಿದ್ದರು. ದೊಡ್ಡ ಊರು, ಎರಡು ಸಾವಿರದ ಎಂಟುನೂರು ಮತ. ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದ್ದಳು. ನರ್ಸನ್ನು ಯಾವ ಊರಿನಿಂದ ತರುತ್ತಾರೆ ಅಂತ ಅದರಲ್ಲಿ ಬರೆದಿತ್ತು. ಅವಳು ಓದಿರಲಿಲ್ಲ.

"ಸೊಸಿ ಹೆಸರೇನವ್ವಾ?"

"ನೀಲಮ್ಮ."

ತಿಪ್ಪವ್ವ ಮುಂದಿನ ಹಿಟ್ಟಿನ ಉಂಡೆ ತೆಗೆದುಕೊಂಡಳು. ಕಾಶವ್ವ ಎದ್ದು ಬಂದಳು.

ಆಶ್ರಮಕ್ಕೆ ಬಂದವಳೇ ಮೂಲೆಯಲ್ಲಿದ್ದ ಕಸಬರಿಗೆ ಎತ್ತಿಕೊಂಡು ಅಂಗಳ ಗುಡಿಸತೊಡಗಿದಳು. ಅಜ್ಜ ಬಹಳ ಹೊತ್ತು ನೋಡುತ್ತ ಕುಳಿತರು.

"ಏನು ನಡಿಸೀ ಇದು?"

"ತಪ್ಪು ನಂದ ಅಜ್ಜಾರ. ಊರು ಕೈ ಕೊಟ್ಟಿಲ್ಲ, ನಾ ಕೈ ಕೊಟ್ಟೀನಿ. ರಾಜಕೀಯ ಸಾಕಾತು. ಇಲ್ಲೇ ಕಸ ಹೊಡಕೊಂಡು ಇರತೀನಿ."

ಅಜ್ಜ ಎದ್ದು ಬಂದು ಕಸಬರಿಗೆಯನ್ನು ಅವಳ ಕೈಯಿಂದ ಕಸಿದುಕೊಂಡರು.

"ಈ ಅಂಗಳಕ್ಕ ಕಸ ಹೊಡಿಯಾಕ ನಾನದೀನಿ. ಗುಬ್ಬಿಹಾಳಕ್ಕ ಯಾರದಾರ?"

"ನನ್ನ ಕೈಯಾಗ ಈಗೇನೈತ್ರಿ? ಅಧಿಕಾರ ಇಲ್ಲ, ಕುರ್ಚಿ ಇಲ್ಲ. ಯಾರು ಕೇಳ್ತಾರ ನನ್ನ ಮಾತು?"

"ಕೆಡಿಸೂದು ಅಧಿಕಾರ ಇದ್ದಾಗ ಮಾಡಿದಿ. ಕಟ್ಟೂದು ಇಲ್ಲದಾಗ ಮಾಡು."

"ಹಿರೇಬಸಾಪುರದ ನರ್ಸನ್ನ ತಿರುಗಿ ತರಸ್ಲೇನು?"

"ಆ ಊರಾಗ ಬಸುರಿ ಹೆಂಗಸರು ಇಲ್ಲೇನು?"

ಕಾಶವ್ವನಿಗೆ ತಿಳಿಯಿತು. ಕಿತ್ತು ತರುವುದಲ್ಲ, ಹೊಸದಾಗಿ ಪಡೆಯಬೇಕು. ಅದು ಹತ್ತು ಪಟ್ಟು ಕಷ್ಟ.

ಮರುದಿನದಿಂದ ಜಿಲ್ಲೆಯ ಆರೋಗ್ಯ ಕಚೇರಿಗೆ ಅಲೆಯತೊಡಗಿದಳು. ಹಿಂದೆ ಅವಳ ಕಾರಿನ ಬಾಗಿಲು ತೆಗೆಯಲು ಓಡಿ ಬರುತ್ತಿದ್ದ ಗುಮಾಸ್ತ ಈಗ ತಲೆ ಎತ್ತದೆ "ಸೋಮವಾರ ಬರ್ರಿ" ಅನ್ನುತ್ತಿದ್ದ. ಸೋಮವಾರ ಹೋದಳು. ಗುರುವಾರ ಅಂದರೆ ಗುರುವಾರ ಹೋದಳು. ಹೊರಗಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಉಂಡಳು. ಗುಬ್ಬಿಹಾಳದ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಹೆರಿಗೆ ಆದವು, ಎಷ್ಟು ಹಳ್ಳದ ದಂಡೆಯಲ್ಲಿ ಆದವು ಎಂದು ಮನೆಮನೆಗೆ ಹೋಗಿ ಬರೆದು ತಂದಳು. ಹದಿನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಅಧಿಕಾರಿ ಒಳಗೆ ಕರೆದು ಕೂರಿಸಿದ.

"ಎಲ್ಲಾ ಸರಿ ಐತ್ರಿ ಮೇಡಮ್. ಒಂದ ಕೊರತಿ. ಈಗಿನ ಎಮ್ಮೆಲ್ಲೆಯವರ ಪತ್ರ ಬೇಕು."

ಅಂದರೆ ವಿರುಪಾಕ್ಷಿಯ ಪತ್ರ.

ಅವಳ ಕಾರ್ಯಕರ್ತರು ಕುದಿದು ಬಿಟ್ಟರು. "ಅವನ ಮನಿ ಬಾಗಿಲಿಗೆ ನೀವು ಹೋಗೂದಾ? ಓಡ್ಯಾಡಿದವರು ನೀವು, ಉದ್ಘಾಟನಿ ಕಲ್ಲಿನ ಮ್ಯಾಲೆ ಅವನ ಹೆಸರು! ಮುಂದಿನ ಚುನಾವಣಿ ಕೈಬಿಟ್ಟಂಗ ತಿಳೀರಿ."

ಕಾಶವ್ವ ಹೊಳೆದಂಡೆಗೆ ಬಂದಳು. ಅಜ್ಜ ನೀರಿನಲ್ಲಿ ನಿಂತು ಪಂಚೆ ಹಿಂಡುತ್ತಿದ್ದರು.

"ಅಜ್ಜಾರ, ಅವನ ಸಹಿ ಬಿದ್ರ ಊರು ಅವಂದಾಗತೈತಿ."

"ಬ್ಯಾನಿ ಹತ್ತಿದ ಹೆಂಗಸು ಯಾರ ಹೆಸರು ಹಿಡಿದು ಒದರತಾಳವ್ವಾ?"

"'ಯವ್ವಾ' ಅಂತಾಳ್ರಿ."

"ಎಮ್ಮೆಲ್ಲೆ ಹೆಸರು ಹಿಡಿಯೂದಿಲ್ಲಲ್ಲ?"

ಅಜ್ಜ ಪಂಚೆಯನ್ನು ಬಂಡೆಯ ಮೇಲೆ ಹರವಿದರು. ಅವಳು ಅಲ್ಲಿಂದಲೇ ವಿರುಪಾಕ್ಷಿಯ ಮನೆಗೆ ಹೋದಳು.

ವಿರುಪಾಕ್ಷಿ ಎರಡು ತಾಸು ಹೊರಗೆ ಕೂರಿಸಿದ. ಆಮೇಲೆ ನಗುತ್ತ ಬಂದ. ಕಾಗದ ಎಲ್ಲ ನೋಡಿದ.

"ಸಹಿ ಮಾಡ್ತೀನಿ ಅಕ್ಕಾರ. ಅದಕ್ಕ ಮೊದಲ ನೀವೊಂದು ಬರಕೊಡ್ರಿ. ಅವತ್ತಿನ ನಿಮ್ಮ ಪತ್ರ ತಪ್ಪಿತ್ತು ಅಂತ."

ಯಾಕೆ ಕೇಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಕೈ ಒಂದು ಗಳಿಗೆ ತಡೆಯಿತು. ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದ ತಿಪ್ಪವ್ವನ ಕೈ ಕಣ್ಣ ಮುಂದೆ ಬಂತು. ಬರೆದಳು: "ನಾನು ಓದದೆ ಸಹಿ ಮಾಡಿದೆ. ಅದರಿಂದ ಗುಬ್ಬಿಹಾಳದ ನೀಲಮ್ಮ ಮತ್ತು ಅವಳ ಕೂಸು ಸತ್ತರು. ತಪ್ಪು ನನ್ನದು."

ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು.

ವಿರುಪಾಕ್ಷಿ ಮಾತಿಗೆ ತಪ್ಪಲಿಲ್ಲ, ಸಹಿ ಹಾಕಿದ. ಗುಬ್ಬಿಹಾಳಕ್ಕೆ ನರ್ಸು ಬಂದಳು. ಉದ್ಘಾಟನೆಯ ಕಲ್ಲಿನ ಮೇಲೆ ಅವನ ಹೆಸರು ಬಂತು. ಹದಿನೈದು ದಿನದೊಳಗೆ ಕಾಶವ್ವ ಬರೆದುಕೊಟ್ಟ ಕಾಗದ ಕರಪತ್ರವಾಗಿ ಅಚ್ಚಾಗಿ ಕ್ಷೇತ್ರದ ಎಲ್ಲ ಹಳ್ಳಿಗಳಿಗೂ ಹೋಯಿತು.

ಅವಳ ಕಾರ್ಯಕರ್ತರಲ್ಲಿ ಅರ್ಧ ಮಂದಿ ಬಿಟ್ಟು ಹೋದರು. ಉಳಿದವರು ಒಂದು ಕರಪತ್ರ ತಂದು ಅವಳ ಮುಂದೆ ಹಿಡಿದರು.

"ಕೇಸು ಹಾಕೂಣ್ರಿ!"

ಅವಳು ಓದಿ ತಿರುಗಿ ಕೊಟ್ಟಳು. "ಇದರಾಗ ಯಾವ ಮಾತು ಸುಳ್ಳೈತಿ?"

ಆರನೆಯ ಚುನಾವಣೆ ಬಂತು. "ನಿಲ್ಲಬ್ಯಾಡ್ರಿ" ಎಂದವರೇ ಹೆಚ್ಚು. ಅವಳು ಅರ್ಜಿ ಹಾಕಿದಳು. ಕರಪತ್ರ ಮತ್ತೊಮ್ಮೆ ಅಚ್ಚಾಯಿತು. ಸಭೆಗಳಲ್ಲಿ ಯಾರಾದರೂ ಅದನ್ನು ಎತ್ತಿ ಹಿಡಿದರೆ, "ಖರೇ ಐತ್ರಿ, ನಾನ ಬರದದ್ದು" ಎಂದು ಹೇಳಿ ಮಾತು ಮುಂದುವರಿಸುತ್ತಿದ್ದಳು.

ಪ್ರಚಾರಕ್ಕೆ ಗುಬ್ಬಿಹಾಳಕ್ಕೂ ಹೋದಳು. ತಿಪ್ಪವ್ವ ಬಾಗಿಲಲ್ಲಿ ನಿಂತಿದ್ದಳು.

"ನಾ ನಿನಗ ಮತ ಹಾಕೂದಿಲ್ಲವ್ವಾ. ನರ್ಸಬಾಯಿನ್ನ ತಂದಾಕಿ ನೀನ ಅಂತ ಗೊತ್ತೈತಿ. ಆದ್ರೂ ಕೈ ಏಳೂದಿಲ್ಲ."

"ಹಾಕಬ್ಯಾಡ ಯವ್ವಾ."

"ಒಳಗ ಬಾ. ಬಿಸಿ ರೊಟ್ಟಿ ಐತಿ."

ಕಾಶವ್ವ ಒಲೆಯ ಮುಂದೆ ಕುಳಿತು ಎರಡು ರೊಟ್ಟಿ ತಿಂದಳು. ಇಷ್ಟು ವರ್ಷ ಮತ ಕೇಳುತ್ತ ತಿರುಗಿದವಳಿಗೆ ಹಾಕುವುದಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದವಳು ಅವಳೊಬ್ಬಳೇ. ತಿಪ್ಪವ್ವ ನೀರಿನ ತಂಬಿಗೆ ಸರಿಸಿದಳು.

ಎಣಿಕೆಯ ದಿನ ಗುಬ್ಬಿಹಾಳದಲ್ಲಿ ಅವಳಿಗೆ ಬಿದ್ದದ್ದು ಐವತ್ತೇಳು ಮತ. ಉಳಿದದ್ದು ವಿರುಪಾಕ್ಷಿಗೆ.

ಬೇರೆ ಊರುಗಳ ಕತೆ ಬೇರೆ ಇತ್ತು. ಕರಪತ್ರ ಓದಿದವರು ಹೋಟೆಲುಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮಾತಾಡಿಕೊಂಡಿದ್ದರು: "ತಪ್ಪಾತು ಅಂತ ಬರಕೊಟ್ಟ ಎಮ್ಮೆಲ್ಲೆನ ನೀ ಎಲ್ಲ್ಯಾರ ನೋಡಿಯೇನೋ?" ಕಾಶವ್ವ ಎರಡು ಸಾವಿರದ ಮುನ್ನೂರಾ ಹದಿನೆಂಟು ಮತದಿಂದ ಗೆದ್ದಳು.

ಬಿಟ್ಟು ಹೋದವರೆಲ್ಲ ಹಾರ ಹಿಡಿದು ತಿರುಗಿ ಬಂದರು. ಗುಲಾಲು ಹಾರಿತು. ಆಗಲೇ ಏಳನೆಯ ಚುನಾವಣೆಯ ಮಾತು ಶುರುವಾಯಿತು.

ನಾಲ್ಕನೆಯ ದಿನ ಬೆಂಗಳೂರಿಗೆ ಪ್ರಮಾಣವಚನಕ್ಕೆ ಹೊರಟವಳು ದಾರಿಯಲ್ಲಿ ಆಶ್ರಮದ ಮುಂದೆ ಇಳಿದಳು. ಅಜ್ಜನಿಗೆ ಈಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ದನಿಯಿಂದ ಗುರುತು ಹಿಡಿದರು. ಅವಳು ಪಾದ ಮುಟ್ಟಿ, ಗೋಡೆಗೆ ಒರಗಿ, ಕಾಲು ಚಾಚಿ ಕುಳಿತಳು.

"ದಣದೀ ಏನವ್ವಾ?"

"ಮೊಣಕಾಲು ಭಾಳ ನೋಯ್ತಾವ್ರಿ. ಐವತ್ತಾರು ಆತು." ಹೊಳೆಯ ಕಡೆ ನೋಡಿದಳು. "ಆರು ಸಲ ನಿಂತೆ ಅಜ್ಜಾರ. ಮೂರು ಸಲ ಸೋತೆ, ಮೂರು ಸಲ ಗೆದ್ದೆ. ಮಂದಿ ಮುಂದಿನ ಚುನಾವಣಿ ಮಾತಾಡಾಕತ್ಯಾರ. ನೀವ ಹೇಳ್ರಿ, ಇನ್ನ ಎಷ್ಟು ಸಲ ನಿಲ್ಲಲಿ?"

ಅಜ್ಜ ಕೈ ಚಾಚಿ ತಡಕಾಡಿ ಅವಳ ತೋಳು ಹಿಡಿದು ಮೇಲಕ್ಕೆ ಎಬ್ಬಿಸಿದರು.

"ನಿಲ್ಲಬ್ಯಾಡವ್ವಾ. ನಡಿ."