ಉಣ್ಣದೆ ಬಂದ ಮನೆಗಳು

ಮಲಪ್ರಭೆಯ ದಂಡೆಯಲ್ಲಿ ಒಂದು ಹಳೆಯ ಮಠ. ಅದರ ಪಡಸಾಲೆಯೇ ಮಕ್ಕಳ ಶಾಲೆ. ಸುತ್ತಲಿನ ಊರುಗಳ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು. ಹೋಗಲು ಮನೆಯಿಲ್ಲದವರು ಅಲ್ಲೇ ಇರುತ್ತಿದ್ದರು.

ಅಲ್ಲೊಂದು ಪದ್ಧತಿಯಿತ್ತು. ಹೊಸ ಮಗುವನ್ನು ಸೇರಿಸಿಕೊಳ್ಳುವ ಮುಂಚೆ ಗುರುಗಳು ಆ ಮಗುವಿನ ಮನೆಗೆ ಹೋಗಿ ಒಂದು ಹೊತ್ತು ಉಣ್ಣಬೇಕು. ಏನೂ ವಿಚಾರಿಸುವಂತಿಲ್ಲ, ಉಪದೇಶ ಮಾಡುವಂತಿಲ್ಲ. ಮಗುವಿನ ಎದುರಿಗೆ ಕೂತು ಉಂಡು, ಕೈತೊಳೆದು ಬರಬೇಕು, ಅಷ್ಟೇ.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಐವತ್ತು ವರ್ಷ ಅವರು ಹೀಗೆ ಊರೂರು ತಿರುಗಿ ಉಂಡರು. ಮೊಣಕಾಲು ಮಾತು ಕೇಳದಾದಾಗ ಆ ಕೆಲಸವನ್ನು ಶಿಷ್ಯ ಗುರುಪಾದನಿಗೆ ಒಪ್ಪಿಸಿದರು.

ಗುರುಪಾದನಿಗೆ ಐದು ವರ್ಷವಿದ್ದಾಗ ಅವನ ತಾಯಿ ಅವನನ್ನು ಈ ಮಠದಲ್ಲಿ ಬಿಟ್ಟುಹೋಗಿದ್ದಳು. ತಿರುಗಿ ಬರಲಿಲ್ಲ. ಮೂರು ವರ್ಷದ ಮೇಲೆ ಅವಳು ಜ್ವರದಲ್ಲಿ ತೀರಿಕೊಂಡ ಸುದ್ದಿ ಬಂತು.

ಅವ್ವ ತನ್ನನ್ನು ಯಾಕೆ ಬಿಟ್ಟಳು? ಅವನು ಯಾರನ್ನೂ ಕೇಳಲಿಲ್ಲ. ಅಜ್ಜಾರು ಅವನ ಮನೆಯಲ್ಲೂ ಒಂದು ಹೊತ್ತು ಉಂಡು ಬಂದವರು, ಅವರಿಗೆ ಗೊತ್ತಿರಲೇಬೇಕು. ಆದರೂ ಕೇಳಲಿಲ್ಲ. ಹತ್ತೊಂಬತ್ತು ವರ್ಷ ಆ ಪ್ರಶ್ನೆಯನ್ನು ಗಂಟಲಲ್ಲೇ ಇಟ್ಟುಕೊಂಡು ದೊಡ್ಡವನಾದ, ಕಲಿತ, ಕಲಿಸಲು ನಿಂತ.

ಕಲಿಸುವುದರಲ್ಲಿ ಗಟ್ಟಿಗನೇ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿತ್ತು.

ಆ ವರ್ಷ ದಾನವ್ವ ಎಂಬ ಎಂಟು ವರ್ಷದ ಹುಡುಗಿ ಸೇರಿದಳು. ನೇಕಾರರ ಮಗಳು, ಚುರುಕು. ಒಂದೇ ತೊಂದರೆ. ಗುರುಪಾದ ದನಿ ಏರಿಸಿದರೆ ಸಾಕು, ಅವಳು ನಗುತ್ತಿದ್ದಳು. ಬೈಸಿಕೊಂಡವರು ಯಾರೇ ಇರಲಿ, ಇವಳು ಎದ್ದು ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತು ಕುತ್ತಿಗೆ ಆಡಿಸುತ್ತಿದ್ದಳು. ಪಡಸಾಲೆಯೆಲ್ಲ ಘೊಳ್ಳೆಂದು ನಗುತ್ತಿತ್ತು.

ಒಂದು ಸಲ ಹೇಳಿ ನೋಡಿದ. ಆಮೇಲೆ ಗದರಿಸಿದ, ಹೊರಗೆ ನಿಲ್ಲಿಸಿದ. ಗದರಿಸಿದಷ್ಟೂ ಕೊಕ್ಕರೆ ಜೋರಾಗಿ ಕುಣಿಯಿತು.

ಎರಡು ತಿಂಗಳಾದ ಮೇಲೆ ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. "ನಾಳಿಂದ ಬರಬ್ಯಾಡ" ಎಂದು ಬರೆಯುವ ಪಾಟಿಯನ್ನು ಕೈಗೆ ಕೊಟ್ಟು ಮನೆಗೆ ಕಳಿಸಿದ. ಅವಳು ಆಗಲೂ ನಗುತ್ತಲೇ ಹೋದಳು.

ಸುದ್ದಿ ಅಜ್ಜಾರ ಕಿವಿಗೆ ಬಿತ್ತು. ಗುರುಪಾದನನ್ನು ಕರೆಸಿದರು.

"ಯಾಕ ಕಳಿಸಿದಿ?"

"ಅದಕ್ಕ ಅಂಜಿಕಿ ಅನ್ನೂದ ಇಲ್ರಿ ಅಜ್ಜಾರ. ಬೈದ್ರ ನಗತೈತಿ."

"ಅಕಿ ಮನ್ಯಾಗ ಬಡಿಸಿದವರು ಯಾರು?"

ಅಜ್ಜಾರು ಉತ್ತರಕ್ಕೆ ಕಾಯಲಿಲ್ಲ.

"ಎಲ್ಲಾರಕಿಂತ ಕಡೀಕ ಉಂಡವರು ಯಾರು? ದಾನವ್ವ ಅಪ್ಪನ ಮಗ್ಗಲಕ್ಕ ಕುಂತಿದ್ಲೋ, ಅವ್ವನ ಮಗ್ಗಲಕ್ಕೋ?"

"ಗೊತ್ತಿಲ್ರಿ."

"ಎದುರಿಗೆ ಕುಂತು ಉಂಡಾಂವಗ ಗೊತ್ತಿಲ್ಲ?"

"ನಾ ಉಣಲಿಲ್ರಿ ಅಜ್ಜಾರ" ಎಂದ ಗುರುಪಾದ. "ಹೊರಗ ಕಟ್ಟಿ ಮ್ಯಾಲ ಕುಂತು ಮಜ್ಜಿಗಿ ಕುಡದು ಬಂದೆ. ನಿಮಗ ಸುಳ್ಳು ಹೇಳಿದೆ."

"ಉಳದ ಮನಿಗೋಳು?"

"ಹನ್ನೊಂದು ಮನಿಗೆ ಹೋಗೀನ್ರಿ. ಒಂದರಾಗೂ ಉಂಡಿಲ್ಲ."

ಅಜ್ಜಾರು ಸಿಟ್ಟಾಗಲಿಲ್ಲ. "ಹಸಿವಿ ಇರಲಿಲ್ಲೇನು?" ಎಂದರು.

"ಇತ್ರಿ. ತಾಯಿ ತನ್ನ ಮಗೂಗ ಬಡಸೂದು ನೋಡಾಕ ನನ್ನ ಕಡಿಂದ ಆಗೂದಿಲ್ರಿ. ಎದಿ ಹಿಂಡಿದಂಗ ಆಗತೈತಿ."



"ನಾಳೆ ಹೋಗು. ಉಂಡು ಬಾ."

"ಅಕಿನ್ನ ನಾನ ಹೊರಗ ಹಾಕೀನಲ್ರಿ. ಯಾವ ಮುಖ ಹೊತ್ತು ಹೋಗ್ಲಿ?"

"ಹಸಿದ ಮುಖ ಹೊತ್ತು ಹೋಗು."

ಮರುದಿನ ಮಧ್ಯಾಹ್ನ ಗುರುಪಾದ ದಾನವ್ವನ ಮನೆಯ ಬಾಗಿಲಲ್ಲಿ ನಿಂತ. ಒಳಗೆ ಅವಳ ತಂದೆ ಫಕೀರಪ್ಪ ಮಗ್ಗದ ಮುಂದೆ, ತಾಯಿ ಒಲೆಯ ಮುಂದೆ. ನಡುವೆ ದಾನವ್ವ. ಗುರುಪಾದನನ್ನು ಕಂಡು ಹುಡುಗಿಯ ಮುಖ ಬಿಳಚಿಕೊಂಡಿತು.

"ಬರ್ರಿ ಬರ್ರಿ" ಎಂದು ತಾಯಿ ಎದ್ದಳು. "ಇವತ್ತ ಮಠದಾಗ ಸೂಟಿ ಅಂತಲ್ರಿ. ನಮ್ಮ ಹುಡುಗಿ ಹೇಳಿದ್ಲು."

ಗುರುಪಾದ ದಾನವ್ವನನ್ನು ನೋಡಿದ. ಅವಳು ಉಸಿರು ಹಿಡಿದಿದ್ದಳು.

"ಹೌದ್ರಿ" ಎಂದ. "ಇವತ್ತ ಸೂಟಿ. ನಾಳಿಂದ ಸಾಲಿ ಐತಿ. ನಾ ಉಣ್ಣಾಕ ಬಂದೀನ್ರಿ."

ಕೂತರು. ಗುರುಪಾದ ಪದ್ಧತಿಯ ಹಾಗೆ ಮಗುವಿನ ಎದುರಿಗೆ ಕೂತ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು.

ತಾಯಿ ಒಲೆಯ ಕಡೆಗೇ ಮುಖ ಮಾಡಿ ಹೇಳಿದಳು. "ದಾನವ್ವಾ, ನಿಮ್ಮಪ್ಪಗ ಇನ್ನೊಂದು ರೊಟ್ಟಿ ಬೇಕೇನು ಕೇಳು."

ಫಕೀರಪ್ಪ ಕೂತಿದ್ದು ಅವಳಿಂದ ಮೂರು ಮೊಳ ದೂರದಲ್ಲಿ. "ಬ್ಯಾಡ ಅಂತ ಹೇಳು. ಪಲ್ಯಾ ಉಪ್ಪಾಗೇತಿ ಅಂತನೂ ಹೇಳು" ಎಂದ.

ದಾನವ್ವ ಅವ್ವನ ಕಡೆ ತಿರುಗಿದಳು. "ಅವ್ವಾ, ಅಪ್ಪಗ ಹೊಟ್ಟಿ ತುಂಬೇತಂತ. ಪಲ್ಯಾ ಭಾಳ ರುಚಿ ಆಗೇತಂತ."

ಮೂರು ಮೊಳದ ಮಾತು ಯಾರಿಗೆ ಕೇಳುವುದಿಲ್ಲ? "ಉಪ್ಪಾದ್ರ ನಾಳಿಂದ ತಾನ ಮಾಡ್ಕೊಂಡು ತಿನ್ನಂತ ಹೇಳು" ಎಂದಳು ತಾಯಿ.

"ಮಾಡ್ಕೋತೀನಿ ಅಂತ ಹೇಳು! ಅದೇನು ಬ್ರಹ್ಮವಿದ್ಯಾನ?" ಫಕೀರಪ್ಪನ ದನಿ ಏರಿತು.

ದಾನವ್ವ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. ಎದ್ದಳು. ಒಂಟಿಕಾಲಿನಲ್ಲಿ ನಿಂತು ಕೊಕ್ಕರೆಯಾದಳು.

ಅಪ್ಪ ನಕ್ಕ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಜಗಳ ಅಲ್ಲಿಗೆ ನಿಂತಿತು.

ಗುರುಪಾದ ನಗಲಿಲ್ಲ. ಎದುರಿಗೆ ಕೂತಿದ್ದರಿಂದ ಅವನಿಗೆ ಹುಡುಗಿಯ ಕಣ್ಣುಗಳು ಕಾಣುತ್ತಿದ್ದವು. ಅವು ಅಪ್ಪನ ಮುಖಕ್ಕೊಮ್ಮೆ, ಅವ್ವನ ಮುಖಕ್ಕೊಮ್ಮೆ ಓಡಿ, ಇಬ್ಬರೂ ನಕ್ಕರೋ ಇಲ್ಲವೋ ಎಂದು ನೋಡಿದವು. ಖಾತ್ರಿಯಾದ ಮೇಲೆ ಅವಳು ಕೂತಳು. ಅವಳ ರೊಟ್ಟಿ ಅರ್ಧಕ್ಕರ್ಧ ಹಾಗೇ ಆರಿಹೋಗಿತ್ತು.

 ಎರಡು ತಿಂಗಳು ಈ ಮಗು ಅವನ ಸಿಟ್ಟನ್ನೂ ಹೀಗೇ ಆರಿಸಲು ನೋಡಿತ್ತು. ಅವನು ಆ ಮಗುವನ್ನು ಬಿಸಿಲಲ್ಲಿ ನಿಲ್ಲಿಸಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ದಾನವ್ವಾ, ಗುರುಗಳಿಗೆ ರೊಟ್ಟಿ ಹಾಕ್ಲೇನು ಕೇಳು" ಎಂದಳು ತಾಯಿ.

ಹುಡುಗಿ ಮತ್ತೆ ತುತ್ತು ಬಿಟ್ಟು ತಿರುಗುವುದರಲ್ಲಿದ್ದಳು. ಉಪದೇಶ ಮಾಡಬಾರದೆಂಬ ಪದ್ಧತಿಯನ್ನು ಗುರುಪಾದ ಆಗ ಮುರಿದ.

"ನೀ ಉಣ್ಣವ್ವ ದಾನವ್ವ. ಅವ್ವಾರ, ನಾ ಇಲ್ಲೇ ಅದೀನಿ. ನನ್ನ ಕೇಳ್ರಿ."

ತಾಯಿ ತಬ್ಬಿಬ್ಬಾದಳು. ಒಲೆ ಬಿಟ್ಟು ಈ ಕಡೆ ತಿರುಗಿದಳು. "ಇನ್ನೊಂದು ಹಾಕ್ಲೇನ್ರೀ ಗುರುಗಳ?"

ಅವನಿಗೆ ಹಸಿವಿತ್ತು. ಹೂಂ ಎನ್ನಬೇಕೆಂದುಕೊಂಡ. ಅದು ಬಾಯಿಗೆ ಬರಲಿಲ್ಲ. ಅವನ ಕೈ ತಾನಾಗಿಯೇ ಹೋಗಿ ಊಟದ ಗಂಗಾಳವನ್ನು ಮುಚ್ಚಿತು. "ಬ್ಯಾಡ್ರಿ."

 ಫಕೀರಪ್ಪ ತನ್ನ ಗಂಗಾಳ ನೋಡುತ್ತಲೇ ಅಂದ, "ಹಾಕು. ಅವ್ರು ನಾಚ್ಕೋತಾರ."

ಹೆಂಡತಿ ಗಂಡನನ್ನು ನೋಡಿದಳು. ದಾನವ್ವ ಇಬ್ಬರನ್ನೂ ನೋಡಿದಳು. ಯಾರೂ ಅವಳ ಹೆಸರು ಹಿಡಿದಿರಲಿಲ್ಲ. ಅವಳು ತಲೆ ತಗ್ಗಿಸಿ ಆರಿದ ರೊಟ್ಟಿಯನ್ನು ಪೂರ್ತಿ ಉಂಡಳು.

ಮರುದಿನ ದಾನವ್ವ ಶಾಲೆಗೆ ಬಂದಳು. ಮಗ್ಗಿ ಹೇಳುವಾಗ ಒಬ್ಬಳು ಮೂರು ಸಲ ತಪ್ಪಿದಳು. ಗುರುಪಾದನ ದನಿ ಏರತೊಡಗಿತು. ಒಂದೇ ದಿನದಲ್ಲಿ ಯಾರ ಸಿಟ್ಟು ಎಲ್ಲಿಗೆ ಹೋಗುತ್ತದೆ! ದಾನವ್ವ ಆಗಲೇ ಅರ್ಧ ಎದ್ದಿದ್ದಳು.

ಅವನು ಮಾತು ನಿಲ್ಲಿಸಿ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ.

"ನನಗ ಸಿಟ್ಟು ಬಂದೈತಿ ದಾನವ್ವ. ಅದು ನಂದು. ನಾನ ನೋಡ್ಕೋತೀನಿ. ನೀ ಕುಂದ್ರು."

ಅವಳು ಅವನ ಮುಖವನ್ನೇ ನೋಡಿದಳು. ಕೂತಳು. ಸ್ವಲ್ಪ ಹೊತ್ತಿನಲ್ಲಿ ಪಾಟಿಯ ಮೇಲೆ ತಲೆಯಿಟ್ಟಳು. ಮಗ್ಗಿಯ ಗದ್ದಲದಲ್ಲೂ ಎಚ್ಚರವಾಗದಂಥ ನಿದ್ದೆ. ಯಾರೂ ಎಬ್ಬಿಸದ ಹಾಗೆ ಗುರುಪಾದ ನೋಡಿಕೊಂಡ.

ಊಟದ ಹೊತ್ತಿಗೆ ಮುಂಚೆ ಹೊಳೆಯ ಮೆಟ್ಟಿಲ ಮೇಲೆ ಅಜ್ಜಾರು ಸಿಕ್ಕರು.

"ದಾನವ್ವ ಇವತ್ತ ಏನು ಕಲತ್ಲು?"

"ಮಲಕೊಂಡಿದ್ಲು ರೀ."

"ಭಾಳ ಕಲತ್ಲು" ಎಂದರು ಅಜ್ಜಾರು.

ಗುರುಪಾದ ಹೋಗಲಿಲ್ಲ. ಒಂದು ಮೆಟ್ಟಿಲು ಕೆಳಗೆ ಕೂತ. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

"ಅಜ್ಜಾರ, ನೀವು ನಮ್ಮ ಮನ್ಯಾಗ ಉಂಡಿದ್ರಿ."

"ಹೂಂ."

"ನಮ್ಮವ್ವ ನನ್ನ ಯಾಕ ಬಿಟ್ಲು?"



"ನೀ ಏನು ತಿಳಕೊಂಡಿ?" ಎಂದರು ಅಜ್ಜಾರು.

"ರೊಟ್ಟಿ ಕೇಳಿದ್ದಕ್ಕ" ಎಂದ ಗುರುಪಾದ. "ಅಪ್ಪ ಸತ್ತ ಮ್ಯಾಲ ನಾವು ಮಾವನ ಮನ್ಯಾಗ ಇದ್ವಿ. ಅವ್ವ ಅತ್ತಿ ಮಕ್ಕಳಿಗೆ ತಲಿ ಸವರಿ ಬಡಸ್ತಿದ್ಲು. ನನಗಷ್ಟ ಬೈತಿದ್ಲು. ನೀವು ಬಂದ ದಿನ ನಾ ಇನ್ನೊಂದು ರೊಟ್ಟಿ ಕೇಳಿದೆ. ಹೊಟ್ಟಿಬಾಕ, ಏಳು ಅಂತ ಎಲ್ಲಾರ ಮುಂದ ಒದರಿದ್ಲು. ಮರುದಿನ ಇಲ್ಲಿ ತಂದು ಬಿಟ್ಲು. ನಿನ್ನೆ ದಾನವ್ವನ ತಾಯಿ ಹಾಕ್ಲೇನು ಅಂದಾಗ ಅದ ನೆನಪಾತ್ರಿ. ಅವತ್ತ ಕೇಳದ ಇದ್ದಿದ್ರ ಬಿಡತಿರಲಿಲ್ಲೇನೋ. ಅವ್ವ ಸಾಯೂವಾಗೂ ನಾ ಅಕಿ ಹತ್ರ ಇರತಿದ್ದೆ."

ಇಪ್ಪತ್ನಾಲ್ಕು ವರ್ಷದ ಮೇಷ್ಟ್ರು ಐದು ವರ್ಷದವನ ಹಾಗೆ ಅತ್ತ. ಅವ್ವ ಬೇಕು ಎಂದು ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಬಾಯಿಬಿಟ್ಟು ಅತ್ತಿರಲಿಲ್ಲ.

ಅಜ್ಜಾರು ಅಳು ನಿಲ್ಲುವವರೆಗೆ ಕಾದರು.

"ನೀ ಅವ್ವಗ ಬೆನ್ನ ಕೊಟ್ಟು ಕುಂತಿದ್ದಿ. ನಿನಗ ದನಿ ಅಷ್ಟ ಕೇಳಿತು. ನಾ ಎದುರಿಗೆ ಕುಂತಿದ್ದೆ, ನನಗ ಎಲ್ಲಾರ ಮುಖಾ ಕಾಣತಿತ್ತು."

"ಏನು ಕಂಡ್ರಿ?"

"ನೀ ರೊಟ್ಟಿ ಕೇಳಿದಿ. ನಿಮ್ಮತ್ತಿ ಹುಬ್ಬು ಗಂಟಾತು, ಬಾಯಿ ತೆರದ್ಲು. ಅಕಿ ಮಾತು ಹೊರಗ ಬರೂದರಾಗ ನಿಮ್ಮವ್ವ ಬೈದ್ಲು. ಅತ್ತಿಗೆ ಬೈಯಾಕ ಏನೂ ಉಳೀದಂಗ ಬೈದ್ಲು. ನಿಮ್ಮತ್ತಿ ಬಾಯಿ ಮುಚ್ಚಿಕೊಂಡ್ಲು."

ಗುರುಪಾದ ತಿರುಗಿ ಅಜ್ಜಾರ ಮುಖ ನೋಡಿದ.

"ದಿನಾ ಹಂಗ ಮಾಡತಿದ್ಲು ಅಂತ ಕಾಣತೈತಿ. ಬ್ಯಾರೆಯವರ ಬಾಯಿಂದ ನಿನಗ ಒಂದು ಮಾತು ಬೀಳಬಾರದು ಅಂತ ತಾನ ಮೊದಲ ಬೈತಿದ್ಲು. ಬೈಯೂವಾಗ ಅಕಿ ಕೈ ನಿನ್ನ ತಲಿ ಹಿಂದ ಬಂದು, ಮುಟ್ಟಲಾರದ ಹಂಗ ನಿಂತಿತು. ಅದು ನಿನಗ ಕಂಡಿಲ್ಲ."

"ಮತ್ತ ಬಿಟ್ಟಿದ್ದು ಯಾಕ್ರಿ?"

"ನಾ ಕೈ ತೊಳಕೊಳ್ಳಾಕ ಹಿತ್ತಲಕ್ಕ ಹೋದೆ. ನಿಮ್ಮವ್ವ ನೀರು ಹಾಕಾಕ ಬಂದ್ಲು. ಸುತ್ತ ಯಾರೂ ಇಲ್ಲದ್ದು ನೋಡಿ ಕೇಳಿದ್ಲು. 'ಅಜ್ಜಾರ, ನಿಮ್ಮ ಮಠದಾಗ ಮಕ್ಕಳು ಎರಡನೇ ಸಲ ಬಡಸು ಅಂತ ಕೇಳಿದ್ರ ಬೈತೀರೇನ್ರಿ?' ಇಲ್ಲವ್ವ ಅಂದೆ. 'ಎಷ್ಟು ಸಲ ಕೇಳಿದ್ರೂ?' ಅಂದ್ಲು. ಎಷ್ಟು ಸಲ ಕೇಳಿದ್ರೂ ಅಂದೆ. ಮರುದಿನ ಹೊತ್ತು ಏಳೂದರಾಗ ನಿನ್ನ ಎತ್ತಿಕೊಂಡು ಬಂದ್ಲು. ನಾಕು ಹರದಾರಿ ದಾರಿ, ಎಲ್ಲೂ ಕೆಳಗ ಇಳಿಸಿರಲಿಲ್ಲ. ನೀ ನಿದ್ದಿಗಣ್ಣಾಗ ಇದ್ದಿ."

ಗುರುಪಾದ ಮುಖವನ್ನು ಮೊಣಕಾಲಲ್ಲಿ ಹುದುಗಿಸಿದ. ಆ ನಾಲ್ಕು ಹರದಾರಿ ಅವನಿಗೆ ನೆನಪಿರಲಿಲ್ಲ. ಅದರಲ್ಲಿ ಒಂದು ಹೆಜ್ಜೆಯಷ್ಟಾದರೂ ನೆನಪಿದ್ದಿದ್ದರೆ ಎಂದು ಅವನ ಜೀವ ಚಡಪಡಿಸಿತು.

"ಇಷ್ಟು ವರ್ಷ ನನಗ ಯಾಕ ಹೇಳಲಿಲ್ರಿ?"

"ನೀ ಕೇಳ್ತಿ ಅಂತ ಕಾದೆ. ತಪ್ಪು ಮಾಡಿದ್ನೇನೋ" ಎಂದರು ಅಜ್ಜಾರು. "ಕೇಳಾಕ ಅಂಜೂ ಮಗ ಕೇಳಲಿ ಅಂತ ಕಾಯಬಾರದಿತ್ತು. ಎದುರಿಗೆ ಕುಂತೂ ಅದೊಂದು ನನಗ ಕಾಣಲಿಲ್ಲ."

ಊಟದ ಘಂಟೆಯಾಯಿತು. ಮಕ್ಕಳು ಪಂಕ್ತಿಯಲ್ಲಿ ಕೂರುವ ಸದ್ದು ಕೇಳಿಸಿತು.

ಅಜ್ಜಾರು ಶಿಷ್ಯನ ಭುಜ ಹಿಡಿದು ಎದ್ದರು. ಮೆಲ್ಲಗೆ ಮೆಟ್ಟಿಲು ಹತ್ತಿದರು. ಅಡುಗೆಯವನ ಕೈಯಿಂದ ರೊಟ್ಟಿಯ ಬುಟ್ಟಿ ಇಸಿದುಕೊಂಡು, ಪಂಕ್ತಿಯ ಕೊನೆಗೆ ಹೋಗಿ ಕೂತ ಗುರುಪಾದನ ಮುಂದೆ ಬಂದು ನಿಂತು, ಅವನ ಗಂಗಾಳಕ್ಕೆ ಒಂದು ರೊಟ್ಟಿ ಹಾಕಿದರು.

ಗುರುಪಾದ ಅದನ್ನು ಉಂಡು ಮುಗಿಸಿದ. ಅಜ್ಜಾರು ಅಲ್ಲೇ ನಿಂತಿದ್ದರು.

"ಕೂಡ್ರಿ ಅಜ್ಜಾರ. ಎಷ್ಟೊತ್ತು ನಿಲ್ತೀರಿ?"

"ನಿಮ್ಮವ್ವಗ ಮಾತು ಕೊಟ್ಟೀನಪಾ. ನೀ ಎರಡನೇ ಸಲ ಕೇಳೂತನಕ ಈ ಬುಟ್ಟಿ ಕೆಳಗ ಇಡಾಂಗಿಲ್ಲ."