ಗುಸುಕವ್ವನ ಗುಡ್ಡ

ನಮ್ಮ ಕಂಬಳಿಹಟ್ಟಿಯ ಪಡುವಣಕ್ಕೆ ಒಂದು ಬೋಳುಗುಡ್ಡವಿದೆ. ಅದರ ನೆತ್ತಿಯ ಮೇಲೆ, ಕಂಬಳಿ ಕೊಪ್ಪೆ ಹಾಕಿ ಕೂತ ಹೆಂಗಸಿನಂಥ ಬಂಡೆ. ಯಾವ ಕಡೆಯಿಂದ ನೋಡಿದರೂ ಬೆನ್ನೇ ಕಾಣುತ್ತದೆ. ಹೆಸರು ಗುಸುಕವ್ವನ ಗುಡ್ಡ. ಮಾತಾಡದೆ ಎಲ್ಲವನ್ನೂ ಹೊಟ್ಟೆಯಲ್ಲೇ ಇಟ್ಟುಕೊಳ್ಳುವವರನ್ನು ಗುಮ್ಮನಗುಸುಕರು ಎನ್ನುವುದುಂಟಲ್ಲ, ಅದೇ ಮಾತು. ಬೇರೆ ಊರುಗಳಲ್ಲಿ ಅದು ಬೈಗುಳ. ನಮ್ಮಲ್ಲಿ ಹಾಗಲ್ಲ, ಹುಡುಗಿ ಗುಮ್ಮನಗುಸುಕಿ ಎಂದು ತಿಳಿದರೆ ಹೆಣ್ಣು ನೋಡಲು ಬಂದವರು ಅಲ್ಲೇ ತಾಂಬೂಲ ಬದಲಾಯಿಸಿಬಿಡುತ್ತಾರೆ.

ಹಿಂದೆ ಒಮ್ಮೆ ಈ ಹಟ್ಟಿಯ ಒಂದು ಮನೆಯಲ್ಲಿ ಇಬ್ಬರು ವಾರಗಿತ್ತಿಯರಿದ್ದರಂತೆ. ಹಿರಿಯಳು ತಿಪ್ಪಕ್ಕ, ಬಾಯಿಗೆ ಬೀಗವಿಲ್ಲದವಳು. ಕಿರಿಯಳು ಬೊಮ್ಮಕ್ಕ, ದಿನವಿಡೀ ಉಣ್ಣೆ ನೂಲುತ್ತ ಕೂರುವವಳು. ಕಷ್ಟ ಹೇಳಿಕೊಳ್ಳಲು ಯಾರು ಬಂದರೂ ಅವಳು ಬೆನ್ನು ತಿರುಗಿಸಿ ಕೂರುತ್ತಿದ್ದಳು. ಮುಖ ನೋಡಿದರೆ ಹೇಳುವವರಿಗೆ ನಾಚಿಕೆಯಲ್ಲವೇ? ಕೇಳಿದ್ದು ಅವಳ ಬಾಯಿಂದ ಎಂದೂ ಹೊರಬೀಳುತ್ತಿರಲಿಲ್ಲ. ಊರ ಹೆಂಗಸರೆಲ್ಲ ಅವಳ ಬಳಿಗೇ ಹೋಗುವುದನ್ನು ತಿಪ್ಪಕ್ಕ ಹೇಗೋ ಸಹಿಸಿಕೊಂಡಿದ್ದಳು. ಆದರೆ ಮದುವೆ ಗೊತ್ತಾಗಿದ್ದ ತನ್ನ ಮಗಳು ಕೆಂಚಿಯೇ ಒಂದು ದಿನ ಆ ಬೆನ್ನಿಗೆ ಏನನ್ನೋ ಹೇಳಿ, ಕಣ್ಣೊರೆಸಿಕೊಂಡು ಎದ್ದು ಬಂದದ್ದನ್ನು ಕಂಡಳು ನೋಡಿ, ಹೊಟ್ಟೆಗೆ ಬೆಂಕಿ ಬಿತ್ತು. ಹೆತ್ತವಳಿಗೆ ಹೇಳದ್ದನ್ನು ವಾರಗಿತ್ತಿಗೆ ಹೇಳುವುದೆಂದರೇನು! ಈ ಗುಮ್ಮನಗುಸುಕಿ ನನ್ನ ಮಗಳಿಗೆ ಮದ್ದು ಹಾಕಿದ್ದಾಳೆ ಎಂದು ಹಿರಿಯರ ಮುಂದೆ ಎದೆ ಬಡಿದುಕೊಂಡಳು. ಹುಡುಗಿ ಹೇಳಿದ್ದನ್ನು ಹೇಳು, ಇಲ್ಲವೇ ಹಟ್ಟಿ ಬಿಡು ಎಂದರು ಹಿರಿಯರು. ಬೊಮ್ಮಕ್ಕ ಒಂದೇ ಮಾತಾಡಿದಳು ಎನ್ನುತ್ತಾರೆ: "ಅದು ಕೆಂಚಿಯ ಮಾತು. ನನ್ನದಲ್ಲದ್ದನ್ನ ನಾನು ಹೆಂಗೆ ಕೊಡಲಿ?" ಕದಿರು, ಕಂಬಳಿ ತೆಗೆದುಕೊಂಡು ಗುಡ್ಡ ಹತ್ತಿದಳು.

ಮದುವೆಯಾಗಿ ಹೋದ ಕೆಂಚಿ ಮತ್ತೆ ತವರಿಗೆ ಕಾಲಿಡಲಿಲ್ಲ. ಆ ಸಂಕಟ ಹೇಳಿಕೊಳ್ಳಲು ತಿಪ್ಪಕ್ಕನಿಗೆ ಊರಲ್ಲಿ ಒಬ್ಬರೂ ಸಿಗಲಿಲ್ಲ. ಕೊನೆಗೆ ತಾನೂ ಗುಡ್ಡ ಹತ್ತಿದಳು. ಬೊಮ್ಮಕ್ಕ ಎಂದಿನಂತೆ ಬೆನ್ನು ತಿರುಗಿಸಿದಳು. "ಮಗಳು ನಿನ್ನ ಹತ್ರ ಬಂದ್ಲು ಅಂತ ಉರ್ಕೊಂಡೆ ಕಣೇ" ಎಂದು ತಿಪ್ಪಕ್ಕ ಅತ್ತಳು. ಅತ್ತು ಮುಗಿದ ಮೇಲೆ, ಈಗಲಾದರೂ ಹೇಳು, ಅವಳು ಏನಂದಳು ಎಂದು ಕೇಳದೆ ಇರಲಾಗಲಿಲ್ಲ. ಬೊಮ್ಮಕ್ಕ ನೂಲುತ್ತಲೇ ಇದ್ದಳು. ಇದೆಲ್ಲ ನಮಗೆ ಹೇಗೆ ತಿಳಿಯಿತು ಎನ್ನುತ್ತೀರೋ? ತಿಪ್ಪಕ್ಕನೇ ಗುಡ್ಡ ಇಳಿದು ಊರೆಲ್ಲ ಹೇಳಿಕೊಂಡು ಬಂದಳು. ಬೊಮ್ಮಕ್ಕ ಮಾತ್ರ ಹೇಳದೆ, ಕೂತಲ್ಲೇ ಕಲ್ಲಾದಳಂತೆ.

ಸೋಮವಾರ ಹೋದರೆ ಈಗಲೂ ನೋಡಬಹುದು. ಹೆಂಗಸರು ಒಬ್ಬೊಬ್ಬರಾಗಿ ಬಂಡೆಗೆ ಹಣೆ ಹಚ್ಚಿ ಪಿಸುಗುಟ್ಟುತ್ತಾರೆ. ಆ ಜಾಗ ಸವೆದು ನುಣುಪಾಗಿದೆ. ಗಂಡಸರು ಕೆಳಗೆ ಬೇವಿನ ಮರದಡಿ ಕಾಯಬೇಕು. ನನ್ನ ಹೆಂಡತಿ ನಲವತ್ತು ವರ್ಷದಿಂದ ಹತ್ತುತ್ತಿದ್ದಾಳೆ, ನಾನು ಕಾಯುತ್ತಿದ್ದೇನೆ. ಇಳಿದು ಬರುವಾಗ ಅವಳ ಮುಖ ಎಷ್ಟು ಹಗುರಾಗಿರುತ್ತದೆಂದರೆ, ನನ್ನೆದುರು ಕೂತಾಗ ಒಮ್ಮೆಯೂ ಹಾಗೆ ಕಂಡಿಲ್ಲ. ನಿಜ ಹೇಳುತ್ತೇನೆ, ಆ ಕಲ್ಲನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.